ಅತ್ತೆಯ ಸ್ಪಂಜಿಗೆ ಎಲುಬಿತ್ತು

ಸ್ಪಂಜೂ ಒಂದು ಪ್ರಾಣಿ ಎಂದರೆ ನಂಬದವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರೋ, ಅವರಿಗೆಲ್ಲ ಉತ್ತರ ಹೇಳಿಯೇ ಸ್ಪಂಜಕ್ಕನ ಅರ್ಧ ಆಯುಸ್ಸು ಕಳೆದಿತ್ತು. ಕಾಲೇಜಿನ ಪ್ರಾಣಿ ಸಂಗ್ರಹಾಲಯ ನೋಡಿಕೊಳ್ಳುವವಳು ಅವಳು; ಸ್ಪಂಜಕ್ಕ ಎನ್ನುವುದು ಊರವರು ಇಟ್ಟ ಹೆಸರು. ದಿನಸಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಪಾತ್ರೆ ತೊಳೆಯೋದಲ್ವಾ ಅದು?"

"ಅಲ್ಲ ಸ್ವಾಮಿ, ಅದು ಕಾರ್ಖಾನೇದು. ನಾನು ಹೇಳ್ತಿರೋದು ಸಮುದ್ರದ್ದು. ಬಾಯಿಲ್ಲ, ಹೊಟ್ಟೆಯಿಲ್ಲ, ತಲೆಯಂತೂ ಇಲ್ಲವೇ ಇಲ್ಲ. ಆದ್ರೂ ಪ್ರಾಣಿನೇ, ನಿಮಗೂ ನನಗೂ ದೂರದ ನೆಂಟ!" ಎಂದು ಅವಳು ಶುರು ಮಾಡಿದರೆ ಹಲ್ಲಿನ ಡಾಕ್ಟರೇ ಬಾಯಿ ಮುಚ್ಚಿಕೊಂಡು ಕೂರಬೇಕು.

ಈ ಹುಚ್ಚು ಹಿಡಿಸಿದವರು ಅವಳ ಅತ್ತೆ. ಅದೇ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಇವಳು ಮೊದಲು ಅವರ ಶಿಷ್ಯೆ, ಸೊಸೆಯಾದದ್ದು ಆಮೇಲೆ. "ನಾನು ಮಗನಿಗೆ ಹೆಣ್ಣು ಹುಡುಕಲಿಲ್ಲ, ನನ್ನ ಸ್ಪಂಜುಗಳಿಗೆ ಒಂದು ದಿಕ್ಕು ಹುಡುಕಿದೆ" ಎಂದು ಮದುವೆಯ ದಿನವೇ ಹೇಳಿ ಎಲ್ಲರನ್ನೂ ನಗಿಸಿದ್ದರು. ಗಂಡನೂ ನಕ್ಕಿದ್ದ, ಪಾಪ, ಅವನಿಗೆ ಬೇರೆ ದಾರಿಯಿರಲಿಲ್ಲ. ಅತ್ತೆಯದು ಬೆಣ್ಣೆಯಂಥ ಮನಸ್ಸು, ಒಪ್ಪಿದೆ. ಆದರೆ ತಪ್ಪು ಒಪ್ಪಿಕೊಳ್ಳುವ ಮಾತು ಬಂತೋ, ಜಪ್ಪಯ್ಯ ಎಂದರೂ ಬಗ್ಗುವವರಲ್ಲ. ಒಮ್ಮೆ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ, "ಬೇಕಂತಲೇ ಹಾಕಿದ್ದು, ಗಂಟಲಿಗೆ ಒಳ್ಳೇದು" ಎಂದು ಮನೆಮಂದಿಗೆಲ್ಲ ಕುಡಿಸಿದ ಮಹಾತಾಯಿ ಅವರು.

ಈ ವರ್ಷ ಸಂಗ್ರಹಾಲಯದ ದೊಡ್ಡ ಗೋಡೆಯ ಮೇಲೆ ಪ್ರಾಣಿಗಳ ವಂಶವೃಕ್ಷ ಬರೆಸುವುದೆಂದು ತೀರ್ಮಾನವಾಯಿತು. ಉದ್ಘಾಟನೆ ಅತ್ತೆಯದೇ. ಪೇಂಟರ್ ಏಣಿ ಹತ್ತಿ ನಿಂತು, "ಅಕ್ಕಾ, ಬುಡದಲ್ಲಿ ಮೊದಲ ಕೊಂಬೆ ಯಾರದ್ದು?" ಎಂದ.

"ಸ್ಪಂಜಿಂದು ಅಂತ ನಾವು ಅನ್ನೋದು. ಇಲ್ಲ, ಬಾಚಣಿಗೆ ಜೆಲ್ಲಿ ಅಂತ ಒಂದು ಲೋಳೆ ಪ್ರಾಣಿ ಇದೆ, ಅದೇ ಮೊದಲು ಬೇರೆ ಆಗಿದ್ದು ಅಂತಾರೆ ಕೆಲವರು. ಜಗಳ ಇನ್ನೂ ಮುಗಿದಿಲ್ಲ."

"ಅವರ ಜಗಳ ಮುಗಿಯೋ ತನಕ ನಾನು ಏಣಿ ಮೇಲೇ ಇರ್ಲಾ?"

"ಸ್ಪಂಜಿಂದೇ ಬರಿ ಮಾರಾಯ. ಆಮೇಲೆ ತಿದ್ದೋಕೆ ಸ್ವಲ್ಪ ಜಾಗ ಬಿಡು."

ಸ್ಪಂಜಿನ ಕುಲದಲ್ಲಿ ನಾಲ್ಕು ಮನೆ. ಗಾಜಿನ ಸ್ಪಂಜುಗಳದ್ದು ಒಂದು. ಅವುಗಳ ಮೈಯೊಳಗೆಲ್ಲ ಗಾಜಿನಂಥ ಸೂಜಿಗಳು. ಸ್ಪಂಜಿನ ಎಲುಬೆಂದರೆ ಆ ಸೂಜಿಗಳೇ. ಸುಣ್ಣದ ಸೂಜಿಗಳವರದ್ದು ಇನ್ನೊಂದು ಮನೆ. ಮೂರನೆಯದು ದೊಡ್ಡ ಮನೆ, ಹೆಚ್ಚಿನ ಸ್ಪಂಜುಗಳೆಲ್ಲ ಅಲ್ಲೇ; ಹಿಂದೆ ಮೈ ಉಜ್ಜಲು ಬಳಸುತ್ತಿದ್ದ ಸ್ಪಂಜು ಕೂಡ. ನಾಲ್ಕನೆಯದು ಬಹಳ ಕಾಲ ದೊಡ್ಡ ಮನೆಯಲ್ಲೇ ಇದ್ದು ಈಚೆಗೆ ಬೇರೆ ಒಲೆ ಹೂಡಿದ ಸಣ್ಣ ಸಂಸಾರ. ಪ್ರತಿ ಕೊಂಬೆಯ ಕೆಳಗೂ ಒಂದು ಗಾಜಿನ ಗೂಡು, ಅದರೊಳಗೆ ಆ ಮನೆಯ ಒಂದು ಸ್ಪಂಜು ಎಂದು ಲೆಕ್ಕ. ಮೂರು ಗೂಡು ತುಂಬಿದವು. ಸುಣ್ಣದವರ ಗೂಡು ಮಾತ್ರ ಖಾಲಿ, ಏಕೆಂದರೆ ಆ ಪೈಕಿ ಸಂಗ್ರಹದಲ್ಲಿ ಒಂದೂ ಇರಲಿಲ್ಲ.

ದೊಡ್ಡ ಮನೆಯ ಗೂಡಿನಲ್ಲಿ ಕೂರುವುದು ಅತ್ತೆಯ ಸ್ಪಂಜೇ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಗ ಹೊಟ್ಟೆಯಲ್ಲಿದ್ದಾಗ ಕಡಲ ದಂಡೆಯಲ್ಲಿ ಬಂಡೆಯಿಂದ ಬಂಡೆಗೆ ಹತ್ತಿಳಿದು ಅವರೇ ಕಿತ್ತು ತಂದದ್ದು; ಹೆಬ್ಬೆರಳಿನಷ್ಟಿದ್ದ ಬಿಳಿ ಚೀಲ. ದೊಡ್ಡ ಮನೆಯಲ್ಲಿ ಅಪರೂಪಕ್ಕೆ ಎಲುಬೇ ಇಲ್ಲದವೂ ಇರುತ್ತವೆ, ಇದು ಅಂಥದ್ದು ಎಂದು ಅವರು ಗುರುತಿಸಿದ್ದರು. ತಲೆಮಾರುಗಟ್ಟಲೆ ವಿದ್ಯಾರ್ಥಿಗಳಿಗೆ ಅದನ್ನೇ ತೋರಿಸಿದ್ದರು. ಕಥೆ ಹೇಳುವಾಗ ಪ್ರತಿ ಸಲವೂ, "ಕೀಳುವಾಗ ಬೆರಳಿಗೆ ಏನೋ ಚುಚ್ಚಿತು ಕಣೇ, ಯಾವುದೋ ಕಸ ಇರ್ಬೇಕು" ಎನ್ನುವರು.

ಎಲುಬಿಲ್ಲದ್ದು ಎಂದು ತೋರಿಸಲು ಫಲಕಕ್ಕೆ ಒಂದು ಚಿತ್ರ ಬೇಕೆಂದು ಸ್ಪಂಜಕ್ಕ ಅದರಿಂದ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿದಳು. ಅತ್ತೆಯ ಕಾಲದಲ್ಲಿ ಮಾಂಸ ಕರಗಿಸಿ ಎಲುಬು ನೋಡಲು ಆಮ್ಲದಲ್ಲಿ ಹಾಕಿ ಕುದಿಸುತ್ತಿದ್ದರು. ಆ ಹೊಗೆ ಇವಳಿಗೆ ಆಗದು, ಕೆಮ್ಮಿ ಕೆಮ್ಮಿ ಸಾಕಾಗುತ್ತದೆ. ಹಾಗಾಗಿ ಬಟ್ಟೆಗೆ ಹಾಕುವ ಬ್ಲೀಚನ್ನೇ ನಾಲ್ಕು ಹನಿ ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಏನೂ ಕಾಣಬಾರದಿತ್ತು. ಕಂಡಿತು! ಮೂರು ಕಾಲಿನ ಪುಟ್ಟ ಪುಟ್ಟ ನಕ್ಷತ್ರಗಳು, ರಾಶಿ ರಾಶಿ. ಎಲುಬಿಲ್ಲದ್ದರ ಮೈತುಂಬ ಎಲುಬು. ಅದೂ ಸುಣ್ಣದವರ ಮನೆಯ ಗುರುತು! ಸುಣ್ಣಕ್ಕೆ ಆಮ್ಲ ತಾಗಿದರೆ ಉಳಿಯುತ್ತದೆಯೇ? ಆ ಕಾಲದ ಕುದಿಯುವ ಆಮ್ಲ ಮಾಂಸದ ಜೊತೆಗೆ ಎಲುಬನ್ನೂ ಗುಳುಂ ಮಾಡಿತ್ತು.

ಸಂತೋಷಕ್ಕೆ ಸ್ಪಂಜಕ್ಕ ಸ್ಟೂಲಿನಿಂದ ಹಾರಿಯೇ ಎದ್ದಳು. ಖಾಲಿ ಗೂಡಿನ ಒಡತಿ ಇಷ್ಟು ವರ್ಷ ಪಕ್ಕದ ಕಪಾಟಿನ ಜಾಡಿಯಲ್ಲೇ ಕೂತಿದ್ದಳಲ್ಲ! ಮರುಗಳಿಗೆಯೇ ಮತ್ತೆ ಕೂತಳು. ಅತ್ತೆಗೆ ಹೇಳುವುದು ಹೇಗೆ? ಅವರು ಮುಖ ತಿರುಗಿಸಿಬಿಟ್ಟರೆ? ತಾಯಿಗಿಂತ ಹೆಚ್ಚಾಗಿ ನೋಡಿಕೊಂಡವರು. ಸುಮ್ಮನಿದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಅನ್ನಿಸಿತು. ಆದರೆ ಸುಳ್ಳು ಕೊಂಬೆಯ ಮುಂದೆ ಅತ್ತೆಯನ್ನೇ ನಿಲ್ಲಿಸಿ ಚಪ್ಪಾಳೆ ತಟ್ಟಿಸುವುದೇ? ಅದು ಅವಳಿಂದಾಗದ ಕೆಲಸ.

ಮನೆಗೆ ಬಂದವಳು ಒಣಗಿಸಿ ತಂದ ಇನ್ನೊಂದು ಚೂರನ್ನು ಗಾಜಿನ ಮೇಲಿಟ್ಟು ಅಡುಗೆಮನೆಯ ಮೇಜಿನ ಮೇಲೆ ಸರಿಸಿದಳು. "ಅತ್ತೇ, ನಿಮ್ಮ ಸ್ಪಂಜು. ಬ್ಲೀಚಲ್ಲಿ ಹಾಕಿ ನೋಡಿದೆ. ಏನೋ ಕಾಣ್ತಿದೆ" ಎಂದಳು.

"ಅದರಲ್ಲೇನು ಕಾಣುತ್ತೆ, ಮಣ್ಣು?" ಅತ್ತೆಯ ಹುಬ್ಬು ಗಂಟಿಕ್ಕಿತು.

"ಮೂರು ಕಾಲಿನ ಸೂಜಿಗಳು."

ಗಂಡ ಪೇಪರ್ ಮಡಚಿಟ್ಟು ಮೆಲ್ಲಗೆ ಬಾಗಿಲ ಕಡೆಗೆ ಜರುಗಿದ. ಅತ್ತೆ ಎದ್ದು ಹೋಗಿ ಕಪಾಟಿನಿಂದ ವಿನಿಗರ್ ಬಾಟಲಿ ತಂದರು, ಚೂರಿನ ಮೇಲೆ ಒಂದು ಹನಿ ಬಿಟ್ಟರು, ಭೂತಗನ್ನಡಿ ಹಿಡಿದು ಬಗ್ಗಿದರು. ಚೂರಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಹುಳಿ ತಾಗಿ ಹೀಗೆ ನೊರೆಯುವುದು ಸುಣ್ಣವೇ, ಅನುಮಾನವಿಲ್ಲ. ಗುಳ್ಳೆಗಳು ನಿಂತ ಮೇಲೂ ಅತ್ತೆ ತಲೆ ಎತ್ತಲಿಲ್ಲ.

ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಸ್ಪಂಜಕ್ಕ ಓಡಿ ಹಿಡಿದುಕೊಂಡರೆ, ಎಲ್ಲಿಯ ಅಳು! ಬಿದ್ದು ಬಿದ್ದು ನಗುತ್ತಿದ್ದರು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಎಲುಬೆಲ್ಲ ಕರಗಿಸಿ ಕೂತು, ಎಲುಬಿಲ್ಲ ಎಲುಬಿಲ್ಲ ಅಂತ ಊರಿಗೆಲ್ಲ ಸಾರಿದ್ದೀನಲ್ಲೇ! ಕಸ ಅಲ್ಲ ಕಣೇ ಚುಚ್ಚಿದ್ದು, ಇದೇ! ನನ್ನ ಬೆರಳು ಅವತ್ತೇ ಹೇಳಿತ್ತು, ನಾನೇ ಕೇಳಲಿಲ್ಲ." ಸೊಸೆಯ ಕೆನ್ನೆ ಹಿಂಡಿ, "ಹೇಳೋಕೆ ಹೆದರಿದ್ಯಾ?" ಎಂದರು.

"ತುಂಬಾ."

"ಹೆದರಿನೂ ಹೇಳಿದೆಯಲ್ಲ, ಅದಕ್ಕೇ ನೀನು ನನ್ನ ಸೊಸೆ" ಎಂದರು ಅತ್ತೆ. ಸ್ಪಂಜಕ್ಕನಿಗೆ ಕಣ್ಣು ತುಂಬಿ ಬಂತು.

ಸಂಗ್ರಹಾಲಯದಲ್ಲಿ ಒಂದು ಪದ್ಧತಿಯಿದೆ. ಗುರುತು ಬದಲಾದರೂ ಹಳೆಯ ಚೀಟಿಯನ್ನು ಎಸೆಯುವಂತಿಲ್ಲ, ಹೊಸದನ್ನೂ ಅದೇ ಜಾಡಿಗೆ ಹಾಕಬೇಕು. ಉದ್ಘಾಟನೆಯ ಬೆಳಗ್ಗೆ ಸ್ಪಂಜಕ್ಕ ಹೊಸ ಚೀಟಿಯಲ್ಲಿ ಗುರುತಿಸಿದವರ ಜಾಗಕ್ಕೆ ಅತ್ತೆಯ ಹೆಸರನ್ನೇ ಬರೆಯಹೊರಟಳು. "ಏಯ್, ಕಂಡುಹಿಡಿದಿದ್ದು ನೀನು, ಹೆಸರೂ ನಿಂದೇ" ಎಂದು ಅತ್ತೆ ಕೈ ಹಿಡಿದು ಬರೆಸಿದರು. ಎರಡು ಚೀಟಿಗಳೂ ಒಂದರ ಬೆನ್ನಿಗೊಂದು ಒರಗಿ ಜಾಡಿಯೊಳಗೆ ನಿಂತವು. ದೊಡ್ಡ ಮನೆಯ ಗೂಡಿಗೆ ಮೈ ಉಜ್ಜುವ ಸ್ಪಂಜು ಬಂತು. ಅತ್ತೆ ತಮ್ಮ ಕೈಯಾರೆ ಜಾಡಿಯನ್ನು ಖಾಲಿ ಗೂಡಿನಲ್ಲಿಟ್ಟು, ನೆರೆದವರೆದುರು ತಮ್ಮ ತಪ್ಪನ್ನು ಬಹುಮಾನ ಬಂದಷ್ಟು ಖುಷಿಯಿಂದ ಬಣ್ಣಿಸಿದರು. ಪೇಂಟರಂತೂ ಏಣಿಗೆ ಆತುಕೊಂಡು ನಕ್ಕ.

ಮನೆಗೆ ಬಂದು ಎಲ್ಲರೂ ಚಹಾ ಕುಡಿಯುತ್ತ ಕೂತಾಗ ಅತ್ತೆ ಲೋಟ ಕೆಳಗಿಟ್ಟರು. "ಇನ್ನೊಂದು ವಿಷಯ ಹೇಳ್ಬೇಕು. ಆವತ್ತು ಆ ಚಹಾಕ್ಕೆ ಉಪ್ಪು..."

ಗಂಡ ಕೂತಲ್ಲೇ ನೆಟ್ಟಗಾದ. "ಗಂಟಲಿಗೆ ಅಂದಿದ್ದೆಯಲ್ಲಮ್ಮಾ?"

"ಎಂಥ ಗಂಟಲೋ! ಡಬ್ಬ ಅದಲುಬದಲಾಗಿತ್ತು" ಎಂದರು ಅತ್ತೆ.