ಉತ್ತರ ಬ್ಲಾಕಿಗೊಬ್ಬ ಪ್ರತಿನಿಧಿ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ಓದಿಸಿದಳು, ನಾನು ರಾಜ್ಯಶಾಸ್ತ್ರ ಓದಿದೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ, ಕೇಳದವರಿಗೂ ಹೇಳುತ್ತೇನೆ. ಈಗ ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ಕೆನಡಾದ ಉತ್ತರ ತುತ್ತತುದಿಯ ಹಿಮಪ್ರದೇಶಕ್ಕೆ ಪ್ರಾತಿನಿಧಿಕ ಸರ್ಕಾರ ಹೇಗೆ ಬಂತು ಎನ್ನುವುದು ನನ್ನ ಪಾಠಗಳಲ್ಲೊಂದು. ಮೊದಲು ದಕ್ಷಿಣದ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಆಮೇಲೆ ಮೇಲಿನವರೇ ಆರಿಸಿದ ಸಮಿತಿ ಬಂತು. ಆಮೇಲೆ ಒಬ್ಬಿಬ್ಬರು ಚುನಾಯಿತರು ಬಂದರು, ಆದರೆ ಅವರು ಸಲಹೆ ಮಾತ್ರ ಕೊಡಬಹುದಿತ್ತು. ಬೆವರಿಳಿಯುವ ಈ ಊರಿನ ಮಕ್ಕಳು ಹಿಮದ ಈ ಕಥೆ ಕೇಳುತ್ತಾ ಆಕಳಿಸುತ್ತಾರೆ. ನಾನು ಮಾತ್ರ ಆಕಳಿಸುವುದಿಲ್ಲ, ಏಕೆಂದರೆ ನಾನು ಅಂಥದೇ ಪ್ರದೇಶದಲ್ಲಿ ವಾಸವಾಗಿದ್ದೇನೆ.

ಪುಚೊಂಗ್‌ನಲ್ಲಿರುವ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಮೂರು ಬ್ಲಾಕುಗಳು. ಎ ಮತ್ತು ಬಿ ಗೇಟಿನ ಹತ್ತಿರ. ಈಜುಕೊಳ, ಆಫೀಸು, ಎ.ಸಿ. ಎಲ್ಲ ಅಲ್ಲೇ. ನಮ್ಮದು ಸಿ. ಕಾರು ನಿಲ್ಲಿಸುವ ಕಟ್ಟಡದ ಹಿಂದೆ, ದೊಡ್ಡ ಚರಂಡಿಯ ಆಚೆ, ಒಂದು ಕಿರುಸೇತುವೆ ದಾಟಿದ ಮೇಲೆ ಸಿಗುತ್ತದೆ. ಅಗ್ಗವೆಂದು ಕೊಂಡವರು ನಾವೆಲ್ಲ. ಅದನ್ನು ಯಾರೂ ಸಿ ಅನ್ನುವುದಿಲ್ಲ, ಉತ್ತರ ಬ್ಲಾಕ್ ಅನ್ನುತ್ತಾರೆ. ಟಪಾವ್, ಅಂದರೆ ಪಾರ್ಸೆಲ್ ಊಟ, ತರುವ ಹುಡುಗರು ಸೇತುವೆಯ ಗೇಟಿನ ಕಡೆಯೇ ನಿಂತು ಫೋನ್ ಮಾಡುತ್ತಾರೆ.

ಅಮ್ಮ ಊರಿನಿಂದ ಮೂರು ತಿಂಗಳಿಗೆಂದು ಬಂದ ಎರಡನೇ ವಾರವೇ ನಮ್ಮ ಲಿಫ್ಟು ಕೆಟ್ಟಿತು. ನಮ್ಮ ಮನೆ ಏಳನೇ ಮಹಡಿ, ಅಮ್ಮನಿಗೆ ಮೊಣಕಾಲು ನೋವು. ಸಂಜೆ ಕೆಳಗಿಳಿದು, ಬೆಂಚಿನ ಮೇಲೆ ಕೂತು, ತಮಿಳು ಅಜ್ಜಿಯೊಬ್ಬರ ಜೊತೆ ಅವರವರ ಭಾಷೆಯಲ್ಲಿ ಸೊಸೆಯಂದಿರ ಬಗ್ಗೆ ಮಾತಾಡುವುದು ಅಮ್ಮನಿಗೆ ಇಲ್ಲಿದ್ದ ಒಂದೇ ಸುಖ. ಅಮ್ಮನಿಗೆ ಸೊಸೆಯೇ ಇಲ್ಲ, ಆದರೂ ಮಾತಾಡುತ್ತಿದ್ದಳು. ಲಿಫ್ಟು ಹೋದ ಮೇಲೆ ನಾವು ಎರಡು ಮಹಡಿಗೊಂದರಂತೆ ಮೆಟ್ಟಿಲ ತಿರುವಿನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟೆವು. ಕೂತು ಕೂತು ಹತ್ತಬೇಕು. ಮೂರನೇ ಮಹಡಿ ಆದಮೇಲೆ ಗೋಡೆಯ ಮೇಲೆ ‘3ಎ’ ಎಂದಿತ್ತು.

“ನಾಲ್ಕನೆಯದು ಎಲ್ಲಿ?” ಅಂದಳು ಅಮ್ಮ.

“ಚೀನೀಯರಿಗೆ ನಾಲ್ಕು ಅಪಶಕುನ ಅಮ್ಮ. ಅದಕ್ಕೆ ಮೂರು-ಎ ಅಂತ ಬರೀತಾರೆ.”

“ಹೆಸರು ಬದಲಿಸಿದ್ರೆ ಮೊಣಗಂಟಿಗೆ ಗೊತ್ತಾಗ್ಲಿಕ್ಕಿಲ್ಲ ಅಂತ ಮಾಡಿದ್ದಾರಾ?” ಎಂದು ಸ್ಟೂಲಿನ ಮೇಲೆ ಕುಸಿದಳು. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: “ಈ ತಿಂಗಳ ಒಳಗೆ ಅದು ಸರಿ ಆಗದಿದ್ರೆ ನನ್ನ ಟಿಕೆಟ್ ಬೇಗದ್ದಕ್ಕೆ ಬದಲಿಸು ಮಾರಾಯ್ತಿ. ಪಂಜರದಲ್ಲಿ ಕೂರ್ಲಿಕ್ಕೆ ನಂಗಾಗ್ಲಿಕ್ಕಿಲ್ಲ.”

ಕಷ್ಟಪಟ್ಟು ಓದಿಸಿದವಳನ್ನು ಜೀವನದಲ್ಲಿ ಮೊದಲ ಸಲ ನನ್ನ ಸ್ವಂತ ಮನೆಗೆ ಕರೆಸಿಕೊಂಡಿದ್ದೆ. ಒಂದು ಲಿಫ್ಟಿನ ಕಾರಣಕ್ಕೆ ಅವಳು ಹೊರಟುಬಿಡುವುದನ್ನು ನೋಡಲು ನನಗೆ ಸಾಧ್ಯವಿರಲಿಲ್ಲ. ದೂರು ಕೊಟ್ಟೆ.

ಅಲ್ಲಿಂದ ಶುರುವಾಯಿತು ನಮ್ಮ ರಾಜ್ಯಾಂಗದ ಬೆಳವಣಿಗೆ. ಮೊದಲ ಹಂತದಲ್ಲಿ ನಿರ್ವಹಣಾ ಸಮಿತಿಯವರು ಉತ್ತರ ಬ್ಲಾಕಿಗೆ ಒಬ್ಬ ವೀಕ್ಷಕರನ್ನು ನೇಮಿಸಿದರು. ಅವರ ಮನೆ ಎ ಬ್ಲಾಕಿನಲ್ಲಿತ್ತು. ಭಾನುವಾರ ಕೊಡೆ ಹಿಡಿದು ಸೇತುವೆಯ ಮಧ್ಯದವರೆಗೆ ಬಂದು, ನಮ್ಮ ಕಟ್ಟಡದ ಫೋಟೋ ತೆಗೆದು, ಹೆಬ್ಬೆರಳೆತ್ತಿ ತೋರಿಸಿ ಹಿಂತಿರುಗಿದರು. ಉತ್ತರದಲ್ಲಿ ಎಲ್ಲ ಶಾಂತವಾಗಿದೆ ಎಂದು ವರದಿಯಾಯಿತು. ಎರಡನೇ ಹಂತದಲ್ಲಿ ನಮಗಾಗಿ ಒಂದು ವಾಟ್ಸಾಪ್ ಗುಂಪು ಮಾಡಿದರು. ಅದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದಿತ್ತು. ಈಗ ಹೆಬ್ಬೆರಳೆತ್ತುವ ಹಕ್ಕು ನಮಗೂ ಬಂತು.

“ನಿನ್ ಹಿಮಪ್ರದೇಶಕ್ಕಿಂತ ನಾವೇ ಫಾಸ್ಟು ಕಣೇ,” ಅಂದರು ಮೈಸೂರಿನವರಾದ ನನ್ನ ಯಜಮಾನರು.

ಮೂರನೇ ಹಂತ ಬಂದದ್ದು ಯಾರ ಔದಾರ್ಯದಿಂದಲೂ ಅಲ್ಲ. ವಾರ್ಷಿಕ ಸಭೆಗೆ ಕೋರಂ ಆಗಲಿಲ್ಲ, ಅಷ್ಟೇ. ಮುಂದೂಡಿದ ಸಭೆಗೆ ಉತ್ತರದವರು ಬಂದರೆ ಒಂದು ಚುನಾಯಿತ ಸ್ಥಾನ, ಜೊತೆಗೆ ತಲೆಗೊಂದು ಆಲೂಗಡ್ಡೆ ತುಂಬಿದ ಕರಿಪಫ್ ಎಂದು ಸೂಚನೆ ಬಂತು. ಹಿಂದಿನ ದಿನ ನಮ್ಮ ಬ್ಲಾಕಿನ ಕನ್ನಡದವರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಮಣಿಪಾಲದಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿರುವ ಡಾಕ್ಟರು, ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ, ಇನ್ನೂ ಕೆಲವರು. ನೀವೇ ನಿಲ್ಲಬೇಕು ಮೇಡಂ ಅಂದರು. ಅಯ್ಯೋ ನಾನ್ಯಾಕೆ ಅಂದೆ. ಮತ್ತೆ ಹೇಳಿದರು. ಬೇರೆ ಯಾರಾದರೂ ಹಿರಿಯರು ನಿಲ್ಲಲಿ ಅಂದೆ. ಮೂರನೇ ಸಲ ಒತ್ತಾಯ ಮಾಡಿದಾಗ ಒಪ್ಪಿದೆ. ನಮ್ಮಲ್ಲಿ ಇದು ಹೀಗೇ ಅಲ್ಲವೇ? ಎಲೆಗೆ ಹೋಳಿಗೆ ಬೀಳುವ ಮೊದಲೂ ಎರಡು ಸಲ ಕೈ ಅಡ್ಡ ಹಿಡಿಯುತ್ತೇವೆ.

ಸಭೆಯ ದಿನ ಅಮ್ಮನೂ ಇಳಿದು ಬಂದಳು. ಅಧ್ಯಕ್ಷರು ಚೀನೀ ಹಿರಿಯರು, ಚುರುಕು ಮನುಷ್ಯ. ಡಾಕ್ಟರು ನನ್ನ ಹೆಸರು ಸೂಚಿಸಿದರು.

“ಮೇಡಂ, ಯೂ ಆಕ್ಸೆಪ್ಟ್?”

ತುಂಬಿದ ಸಭೆಯಲ್ಲಿ ಕೇಳಿದ ಕೂಡಲೇ ಹೂಂ ಅಂದರೆ ಕುರ್ಚಿಗೆ ಬಾಯಿಬಿಟ್ಟು ಕೂತವಳ ಹಾಗೆ ಕಾಣುವುದಿಲ್ಲವೇ. ನೋ ನೋ, ಸಮ್‌ಬಡಿ ಸೀನಿಯರ್, ಎಂದು ನಕ್ಕು ಕೂತೆ, ಎರಡನೇ ಕರೆಗೆ ಕಾಯುತ್ತಾ.

“ಓಕೆ, ನೆಕ್ಸ್ಟ್,” ಅಂದರು ಅಧ್ಯಕ್ಷರು, ನನ್ನ ಹೆಸರಿನ ಮೇಲೆ ಗೀಟು ಎಳೆದು.

ನಮ್ಮವರು ಗಾಬರಿಯಾಗಿ ಡಾಕ್ಟರ ಹೆಸರು ಹೇಳಿದರು. ಕಣ್ಣೆದುರಿಗೇ ನನ್ನ ಗತಿ ಕಂಡಿದ್ದರೂ ಡಾಕ್ಟರು ಎದ್ದು ನಿಂತು ಕೈಮುಗಿದು, ನನಗೆ ಯೋಗ್ಯತೆ ಎಲ್ಲಿದೆ ಎಂಬರ್ಥದ ಒಂದು ಸಣ್ಣ ಭಾಷಣವನ್ನೇ ಮಾಡಿದರು. ನೆಕ್ಸ್ಟ್. ಸಾಫ್ಟ್‌ವೇರಿನವರು ಹೆಂಡತಿಯನ್ನು ತೋರಿಸಿದರು, ಹೆಂಡತಿ ಗಂಡನನ್ನು ತೋರಿಸಿದರು. ಇಬ್ಬರ ಮೇಲೂ ಗೀಟು.

“ನಾರ್ತ್ ಬ್ಲಾಕ್ ಡೋಂಟ್ ವಾಂಟ್, ಇಸಿಟ್?” ಎಂದು ಅಧ್ಯಕ್ಷರು ಪೆನ್ನು ಮುಚ್ಚತೊಡಗಿದರು.

ಹಿಂದಿನ ಸಾಲಿನಲ್ಲಿ ಕರಿಪಫ್ ತಿನ್ನುತ್ತಿದ್ದ ಒಬ್ಬರು ಕೈ ಎತ್ತಿದರು. ನಮ್ಮ ಬ್ಲಾಕಿನ ನೆಲಮಹಡಿಯ ಚೀನೀ ಅಂಕಲ್, ನಿವೃತ್ತ ಬಸ್ ಡ್ರೈವರ್. ಮೀನು ಸಾಕಿಕೊಂಡು ಒಬ್ಬರೇ ಇರುವವರು.

“ಯೂ ಆಕ್ಸೆಪ್ಟ್?”

“ಕ್ಯಾನ್ ಲಾ.” ಇಲ್ಲಿಯವರ ಮಾತಿನಲ್ಲಿ ಆಗಬಹುದು ಎಂದರ್ಥ.

ಹೀಗೆ ಉತ್ತರ ಬ್ಲಾಕಿನ ಪ್ರಪ್ರಥಮ ಚುನಾಯಿತ ಪ್ರತಿನಿಧಿಯಾಗಿ, ಲಿಫ್ಟನ್ನು ಎಂದೂ ಹತ್ತುವ ಅಗತ್ಯವೇ ಇಲ್ಲದ ಒಬ್ಬರು ಅವಿರೋಧವಾಗಿ ಆಯ್ಕೆಯಾದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮೇಲೆ ಹತ್ತುವಾಗ ಅಮ್ಮ ಎರಡು ಸ್ಟೂಲುಗಳಲ್ಲಿ ಕೂತು ಎದ್ದಳು. ಮೂರನೆಯದರಲ್ಲಿ ಕೂತು ಕೇಳಿದಳು, “ನೀನು ಓದಿದ್ದು ಇದನ್ನೇ ಅಲ್ವಾ?”

“ಹೌದು.”

“ಮತ್ತೆ ಎಂತಕ್ಕೆ ಬೇಡ ಅಂದದ್ದು?”

“ನೀನೇ ಅಲ್ವಾ ಕಲಿಸಿದ್ದು, ಕೇಳಿದ ಕೂಡ್ಲೇ ಹೂಂ ಅನ್ಬಾರ್ದು ಅಂತ?”

“ನಾನು ಕಲಿಸಿದ್ದು ನೆಂಟರ ಮನೆಯ ಊಟಕ್ಕೆ. ಲಿಫ್ಟಿಗೆ ಅಲ್ಲ.”

ಮರುದಿನ ಬೆಳಿಗ್ಗೆ ಅಮ್ಮ ಬೀನ್ಸಿನ ಪೊಟ್ಟಣ ಹಿಡಿದು ಇಳಿದವಳು ಬೆಂಚಿಗೆ ಹೋಗಲಿಲ್ಲ. ಅಂಕಲ್ ಮನೆಯ ಬಾಗಿಲು ತಟ್ಟಿ, ಒಳಗೆ ಹೋಗಿ, ಮೀನಿನ ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀನ್ಸಿನ ನಾರು ತೆಗೆಯತೊಡಗಿದಳು. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಕನ್ನಡ ಬಿಟ್ಟರೆ ತುಳು. ಸಂಜೆ ನಾನು ಬರುವವರೆಗೂ ಅಲ್ಲೇ. ಅದರ ಮರುದಿನವೂ ಅಷ್ಟೇ. ಆಮೇಲೆ ಅಂಕಲ್ ನನಗೆ ಫೋನ್ ಮಾಡಿದರು. ನಿಮ್ಮ ತಾಯಿ ಬೈಯುವುದಿಲ್ಲ, ಏನೂ ಕೇಳುವುದಿಲ್ಲ, ನನ್ನ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಾರೆ ಲಾ, ಅಂದರು. ಆ ನೋಟ ನನಗೆ ಗೊತ್ತು. ಪರೀಕ್ಷೆಯ ದಿನಗಳಲ್ಲಿ ಬೀಡಿ ಕಟ್ಟುತ್ತಾ ನನ್ನನ್ನು ಹಾಗೇ ನೋಡುತ್ತಿದ್ದಳು. ಅವಳಿಗೆ ಬೇಕಾದದ್ದು ಲಿಫ್ಟು, ಅಂಕಲ್, ಅಂದೆ.

ಅಂಕಲ್ ವಾದ ಮಾಡುವವರಲ್ಲ, ಅರ್ಜಿ ಬರೆಯುವವರೂ ಅಲ್ಲ. ಅವರಿಗೆ ಹೊಳೆದದ್ದು ಒಂದೇ ದಾರಿ. ತಮ್ಮ ಇನ್ನೊಂದು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಸೇತುವೆ ದಾಟಿ, ಆಫೀಸಿನಲ್ಲಿ ಮ್ಯಾನೇಜರ ಮೇಜಿನೆದುರು ಹಾಕಿಕೊಂಡು ಕೂತರು. ಮಾತಿಲ್ಲ. ನೋಟ ಮಾತ್ರ. ಬೀನ್ಸ್ ಕೂಡ ಒಯ್ದಿದ್ದರು, ಅಮ್ಮ ಅರ್ಧ ಕೊಟ್ಟಿದ್ದಳು. ಪ್ರಾತಿನಿಧ್ಯದ ಬಗ್ಗೆ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಯಥಾವತ್ತಾದದ್ದನ್ನು ಎಲ್ಲೂ ಓದಿಲ್ಲ. ಇಲ್ಲಿ ಅಮ್ಮ ಅಂಕಲ್ ಮನೆಯಲ್ಲಿ ಮೀನಿನ ತೊಟ್ಟಿಯ ಪಕ್ಕ ಕೂತಿರುತ್ತಿದ್ದಳು, ಅಲ್ಲಿ ಅಂಕಲ್ ಮ್ಯಾನೇಜರ ಎದುರು ಕೂತಿರುತ್ತಿದ್ದರು. ಅಮ್ಮ ಊಟಕ್ಕೆದ್ದರೆ ಅಂಕಲ್ ಕೂಡ ಊಟಕ್ಕೆ ಏಳುತ್ತಿದ್ದರು ಎಂದು ಡಾಕ್ಟರು ಪ್ರಮಾಣ ಮಾಡಿ ಹೇಳುತ್ತಾರೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಆ ವಾರದ ಕೊನೆಗೆ ಲಿಫ್ಟಿನವರು ಬಂದರು. ಯಾವುದೋ ಒಂದು ಬೋರ್ಡು ಬದಲಿಸಿದರು, ಲಿಫ್ಟು ಗುಂಯ್ ಎಂದು ಏಳನೇ ಮಹಡಿಗೆ ಬಂದು ಬಾಗಿಲು ತೆರೆಯಿತು. ಅಮ್ಮ ಸೆರಗು ಸರಿಪಡಿಸಿಕೊಂಡು ಹತ್ತಿದಳು. ಸಂಜೆ ಹುಡುಕಿಕೊಂಡು ಹೋದರೆ ಬೆಂಚಿನಲ್ಲಿ ತಮಿಳು ಅಜ್ಜಿ ಒಬ್ಬರೇ ಇದ್ದರು, ಅಂಕಲ್ ಮನೆಗೆ ಬೀಗ. ಕೊನೆಗೆ ಸೇತುವೆ ದಾಟಿ ಆಫೀಸಿಗೆ ಹೋದೆ. ಎ.ಸಿ.ಯ ತಂಪಿನಲ್ಲಿ ಅಂಕಲ್ ಮೈಲೊ ಕುಡಿಯುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಅಮ್ಮ ಕೂತಿದ್ದಳು. ಮ್ಯಾನೇಜರು ತಲೆ ತಗ್ಗಿಸಿ ಏನೋ ಟೈಪ್ ಮಾಡುತ್ತಿದ್ದರು.

“ಅಮ್ಮ, ಲಿಫ್ಟು ಸರಿ ಆಯ್ತಲ್ಲ. ಏಳು, ಹೋಗೋಣ.”

“ನೀನು ಹೋಗು, ನಾನು ಬರ್ತೇನೆ.”

“ಟಿಕೆಟ್ ವಿಷಯ?”

“ಈಗ ಎಂತ ಟಿಕೆಟ್? ನಮ್ಮ ಕಡೆಯ ಮೆಟ್ಟಿಲಿಗೆ ಲೈಟೇ ಇಲ್ಲ,” ಎಂದು ಅಮ್ಮ ಮ್ಯಾನೇಜರ ಕಡೆ ನೋಡತೊಡಗಿದಳು.