ವೈರಿಯ ಬಲೆ ತುಂಬಲಿ

“ದೇವರೇ, ಲೈಟ್ ಹಾಕಿ ನಮ್ಮ ಮೀನೆಲ್ಲ ಬಾಚ್ಕಂಡು ಹೋಗೋ ದೊಡ್ಡ ಬೋಟಿನವ್ರಿಗೆ ಒಳ್ಳೇದು ಮಾಡು. ಅವ್ರ ಬಲೆ ತುಂಬ್ಲಿ. ಆದ್ರೆ ಗೋವಾದ ಬದಿಗೆ.”

ಕಣ್ಣು ಮುಚ್ಚಿ ಹೀಗೆ ಬೇಡಿಕೊಂಡವಳು ನನ್ನ ಮೂರನೇ ಕ್ಲಾಸಿನ ಶ್ರಾವಣಿ, ಬೇಲೆಕೇರಿಯ ಮೀನುಗಾರರ ಮನೆಯವಳು. ನಾನು ಕಾನ್ವೆಂಟ್ ಶಾಲೆಯ ಟೀಚರ್. ಅದು ನೀತಿಪಾಠದ ಪಿರಿಯಡ್ಡು. ಕೇಡು ಮಾಡಿದವರಿಗಾಗಿಯೂ ಪ್ರಾರ್ಥಿಸಬೇಕೆಂದು ಯೇಸು ಹೇಳಿದ್ದನ್ನು ವಿವರಿಸಿ, ಒಬ್ಬೊಬ್ಬರೇ ಎದ್ದು ಪ್ರಾರ್ಥನೆ ಮಾಡಿ ಎಂದಿದ್ದೆ. ಉಳಿದ ಮಕ್ಕಳ ವೈರಿಗಳೆಲ್ಲ ಪೆನ್ಸಿಲ್ ಕದ್ದವರೇ ಆಗಿದ್ದರು.

“ಪ್ರಾರ್ಥನೇಲಿ ‘ಆದ್ರೆ’ ಅನ್ನೂಕಾಗ ಮಗಾ,” ಎಂದೆ. ಅವಳ ಅಪ್ಪನ ದೋಣಿ ವಾರದಿಂದ ಖಾಲಿ ಬರುತ್ತಿರುವುದು ನನಗೆ ಗೊತ್ತಿತ್ತು. ಆದರೂ ಪಾಠ ಪಾಠವೇ.

ಅವಳು ಮತ್ತೆ ಕಣ್ಣು ಮುಚ್ಚಿದಳು. “ಹಂಗಾರೆ ಇಲ್ಲೇ ತುಂಬ್ಲಿ,” ಎಂದು ದೇವರಿಗೆ ಹೇಳಿ, ಕಣ್ಣು ಬಿಟ್ಟು ನನಗೆ ಹೇಳಿದಳು: “ಅಪ್ಪಂಗೆ ಮಾತ್ರ ಹೇಳ್ಬೇಡಿ ಟೀಚರ್.”

ಈ ಪಾಠ ಮಾಡಲು ಹಿಡಿದು ಹನ್ನೊಂದು ವರ್ಷವಾಯಿತು. ಅಂದು ಸಂಜೆ ಮನೆಯಲ್ಲಿ ಕೈ ಮುಗಿದು ಕೂತು, ನಾನು ಮಾತು ಬಿಟ್ಟಿರುವ ನಾದಿನಿಯ ಹೆಸರು ಹೇಳಿದೆ. ಮುಂದಿನ ವಾಕ್ಯ ಇನ್ನೂ ಬಂದಿಲ್ಲ.