ಸುದ್ದಿ ಸೋಸುವ ಬೋಜಪ್ಪಣ್ಣ

ವಾಟ್ಸಾಪಿನಲ್ಲಿ ಸಂಶಯದ ಸುದ್ದಿಯೊಂದು ಬಂತೆಂದರೆ ಸುಳ್ಯದ ಹತ್ತಿರದ ಅಜ್ಜಾವರದ ಬೋಜಪ್ಪಣ್ಣನಿಗೆ ಹಬ್ಬ. "ನಿಲ್ಲಿ, ಯಾರೂ ಮುಂದೆ ಕಳಿಸ್ಬೇಡಿ!" ಎಂದು ಕುಟುಂಬದ ಗ್ರೂಪಿನಲ್ಲಿ ಕೂಗು ಹಾಕಿ, ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಕನ್ನಡಕ ಏರಿಸಿ ಕೂರುತ್ತಾರೆ. ಮೊದಲು ಫೋಟೋವನ್ನು ಗೂಗಲ್ಲಿಗೆ ಹಾಕಿ ಅದರ ಹುಟ್ಟೂರು ಹುಡುಕಬೇಕು, ಆಮೇಲೆ ತಾರೀಕು ನೋಡಬೇಕು, ಮತ್ತೆ ಬೇರೆ ಯಾರಾದರೂ ಅದನ್ನೇ ಬರೆದಿದ್ದಾರೋ ಎಂದು ತಡಕಬೇಕು. ಪಯಸ್ವಿನಿ ಹೊಳೆಗೆ ಮೊಸಳೆ ಬಂದಿದೆಯೆಂದು ಊರಿಗೆ ಊರೇ ನಡುಗಿದ ದಿನ ಅವರು ತೊಡೆ ತಟ್ಟಿಕೊಂಡು ಎದ್ದರು: "ಇದು ಥಾಯ್ಲೆಂಡಿನ ಹಳೇ ಮೊಸಳೆ! ಅಲ್ಲಿಂದ ಸುಳ್ಯಕ್ಕೆ ಬರ್ಲಿಕ್ಕೆ ಅದಕ್ಕೆ ಯಾವ ಬಸ್ಸು ಉಂಟು ಮಾರಾಯ್ರೆ?" ಮದುವೆಯೂಟದಲ್ಲೂ ಪಾಯಸ ಬಡಿಸುವವನನ್ನು ತಡೆದು ಪಕ್ಕದವನ ಫೋನಿಗೆ ಇಣುಕುತ್ತಾರೆ. "ಇವರಿಗೆ ಯಾವುದೂ ನಿಜ ಆಗುದು ಬೇಡ," ಎಂದು ಹೆಂಡತಿ ದುಗ್ಗಮ್ಮ ಗೊಣಗುತ್ತಾರೆ. ಆದರೆ ಆಗಾಗ ಒಂದು ಸಂದೇಶ ಬರುತ್ತದೆ: ಅಡಿಕೆ ಮರದ ಹಳದಿ ರೋಗಕ್ಕೆ ಕೊನೆಗೂ ಮದ್ದು ಸಿಕ್ಕಿದೆ! ಬೋಜಪ್ಪಣ್ಣನ ಅರ್ಧ ತೋಟ ಆ ರೋಗಕ್ಕೇ ಹೋಗಿದೆ. ಆ ದಿನ ಅವರು ಗ್ರೂಪಿನಲ್ಲಿ ಕೂಗುವುದಿಲ್ಲ. ಸುದ್ದಿ ಸುಳ್ಳೆಂದು ಮೊದಲ ಹುಡುಕಾಟದಲ್ಲೇ ಗೊತ್ತಾಗುತ್ತದೆ, ಎರಡನೆಯದರಲ್ಲಿ ಖಾತ್ರಿಯಾಗುತ್ತದೆ. ಅಷ್ಟಾದ ಮೇಲೂ ದುಗ್ಗಮ್ಮ ಊಟಕ್ಕೆ ಕರೆದರೆ, ಫೋನಿನಿಂದ ಕಣ್ಣು ತೆಗೆಯದೆ, "ತಡಿ ಮಾರಾಯ್ತಿ, ಇನ್ನೊಂದು ಕಡೆ ನೋಡುವ," ಎನ್ನುತ್ತಾರೆ.